ವಾಸಸ್ಥಳ ಮತ್ತು ಕಾಲೇಜು ಪ್ರವೇಶ: ಸಂವಿಧಾನದ ಅನುಚ್ಛೇದ 371(ಜೆ) ಕುರಿತು ಮಾಹಿತಿ

ವೃತ್ತಿಶಿಕ್ಷಣ ಕೋರ್ಸುಗಳಲ್ಲಿ ವಿದ್ಯಾರ್ಥಿಗೆ ಯಾವ ಊರಿನ ಕಾಲೇಜು ದೊರೆಯುತ್ತದೆ ಎಂಬುದನ್ನು ಪರೀಕ್ಷೆಯ ಅಂಕಗಳೇ ನಿರ್ಧರಿಸುತ್ತವೆ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ಭೀಮಾ ನದಿಯ ಒಂದು ದಡದಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗ್ರಾಮಗಳಿದ್ದು, ಎದುರು ದಡದಲ್ಲಿ ವಿಜಯಪುರ ಜಿಲ್ಲೆಯ ಗ್ರಾಮಗಳಿವೆ. ಎರಡೂ ಕಡೆ ಬೆಳೆಯುವುದು ಜೋಳ, ತೊಗರಿ. ಆಡುವ ಮಾತೂ ಹೆಚ್ಚುಕಡಿಮೆ ಒಂದೇ. ಆದರೆ ಈ ಎರಡು ದಡಗಳ ಇಬ್ಬರು ವಿದ್ಯಾರ್ಥಿಗಳು ಸಮಾನ ರ‍್ಯಾಂಕ್ ಪಡೆದರೂ ಸೀಟು ಹಂಚಿಕೆಯಲ್ಲಿ ಅವರ ಸ್ಥಾನ ಸಮಾನವಾಗಿರುವುದಿಲ್ಲ. 1956ಕ್ಕೆ ಮುಂಚೆ ಒಂದು ದಡ ಹೈದರಾಬಾದ್ ರಾಜ್ಯದಲ್ಲಿಯೂ ಇನ್ನೊಂದು ಮುಂಬಯಿ ರಾಜ್ಯದಲ್ಲಿಯೂ ಇದ್ದುದು ಇದಕ್ಕೆ ಮೂಲ ಕಾರಣ.

ಹಿನ್ನೆಲೆ

ಬೀದರ್, ಕಲಬುರಗಿ ಹಾಗೂ ರಾಯಚೂರು ಭಾಗಗಳು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಿತು. ಅಲ್ಲಿಯವರೆಗೆ ಆಡಳಿತ ಹಾಗೂ ಉನ್ನತ ಶಿಕ್ಷಣದ ಭಾಷೆ ಉರ್ದು ಆಗಿತ್ತು. ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ ಒಂದೇ. ಏಕೀಕರಣದ ನಂತರ ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾದುದು 1980ರಲ್ಲಿ, ಅಂದರೆ ಏಕೀಕರಣವಾಗಿ 24 ವರ್ಷಗಳ ತರುವಾಯ.

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಚಿಸಲಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿ, ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳ ಪೈಕಿ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳು. ಅವುಗಳಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದವು. ಬಹುಕಾಲದಿಂದ ಜನರು ಹೇಳುತ್ತ ಬಂದ ಮಾತಿಗೆ ಈ ವರದಿಯಿಂದ ಅಂಕಿ-ಅಂಶಗಳ ಆಧಾರ ದೊರೆಯಿತು.

ಸಂವಿಧಾನ ತಿದ್ದುಪಡಿಯೇ ಏಕೆ ಬೇಕಾಯಿತು

ಮೀಸಲಾತಿಗೆ ಸರ್ಕಾರದ ಒಂದು ಆದೇಶ ಸಾಲದೇ ಎಂಬ ಪ್ರಶ್ನೆ ಸಹಜ. ಸಂವಿಧಾನದ 15ನೇ ಅನುಚ್ಛೇದವು ಜನ್ಮಸ್ಥಳದ ಕಾರಣಕ್ಕಾಗಿ ಮಾತ್ರವೇ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ವಿಧಿಸಲಾಗಿದ್ದ ಹೆಚ್ಚುವರಿ ಶುಲ್ಕವನ್ನು ಪ್ರಶ್ನಿಸಿದ ಡಿ.ಪಿ. ಜೋಶಿ ಪ್ರಕರಣದಲ್ಲಿ (1955), ಜನ್ಮಸ್ಥಳ ಬೇರೆ, ವಾಸಸ್ಥಳ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯವು ಅಭಿಪ್ರಾಯಪಟ್ಟು ಸದರಿ ನಿಯಮವನ್ನು ಎತ್ತಿಹಿಡಿಯಿತು. ರಾಜ್ಯಗಳು ತಮ್ಮ ನಿವಾಸಿಗಳಿಗೆ ಆದ್ಯತೆ ನೀಡಲು ಇದರಿಂದ ದಾರಿಯಾಯಿತು.

ಆದರೆ ರಾಜ್ಯದೊಳಗೇ ಒಂದು ಪ್ರದೇಶಕ್ಕೆ ಆದ್ಯತೆ ನೀಡುವುದು ಅಷ್ಟು ಸುಲಭವಾಗಲಿಲ್ಲ. ಮದರಾಸಿನಲ್ಲಿ ವೈದ್ಯಕೀಯ ಸೀಟುಗಳನ್ನು ಜಿಲ್ಲಾವಾರು ಹಂಚಿದ್ದನ್ನು 1968ರಲ್ಲಿ ಪಿ. ರಾಜೇಂದ್ರನ್ ಪ್ರಕರಣದಲ್ಲಿ ರದ್ದುಪಡಿಸಲಾಯಿತು. ಮೂರು ವರ್ಷಗಳ ತರುವಾಯ, ಅಂದಿನ ಮೈಸೂರು ರಾಜ್ಯದ ವಿಶ್ವವಿದ್ಯಾಲಯವಾರು ಹಂಚಿಕೆಯನ್ನು ಡಿ.ಎನ್. ಚಂಚಲ ಪ್ರಕರಣದಲ್ಲಿ (1971) ಎತ್ತಿಹಿಡಿಯಲಾಯಿತು. ಆಯಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಓದಿದವರಿಗೆ ಅಲ್ಲಿನ ಬಹುಪಾಲು ಸೀಟುಗಳು ಎಂಬುದು ಆ ನಿಯಮದ ತಿರುಳು. ಇದರಿಂದ ಕಲಬುರಗಿ, ರಾಯಚೂರಿನ ವಿದ್ಯಾರ್ಥಿಗಳಿಗೆ ವಿಶೇಷ ಪ್ರಯೋಜನ ಆಗುವಂತಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಆಗ ಅವರೂ ಕರ್ನಾಟಕ ವಿಶ್ವವಿದ್ಯಾಲಯದವರೇ ಆಗಿದ್ದು, ಧಾರವಾಡ ಹಾಗೂ ಬೆಳಗಾವಿಯ ವಿದ್ಯಾರ್ಥಿಗಳೊಡನೆ ಒಂದೇ ಪಟ್ಟಿಯಲ್ಲಿ ಸ್ಪರ್ಧಿಸಬೇಕಾಗಿತ್ತು.

ಜನನ ಮತ್ತು ವಾಸ ಎರಡನ್ನೂ ಆಧಾರವಾಗಿ ಇಟ್ಟುಕೊಂಡು, ರಾಜ್ಯದ ಒಂದು ಪ್ರದೇಶಕ್ಕೆ ಮಾತ್ರ ಅನ್ವಯಿಸುವ ಮೀಸಲಾತಿಗೆ ಸಂವಿಧಾನದಲ್ಲಿಯೇ ಅವಕಾಶವಿರಬೇಕೆಂಬ ಬೇಡಿಕೆ ಈ ಹಿನ್ನೆಲೆಯಲ್ಲಿ ಬಲಗೊಂಡಿತು. ನೆರೆಯ ತೆಲಂಗಾಣ ಮತ್ತು ಆಂಧ್ರಕ್ಕೆ 1973ರ 32ನೇ ತಿದ್ದುಪಡಿಯ ಮೂಲಕ 371(ಡಿ) ದೊರೆತಿದ್ದುದು ಕಣ್ಣೆದುರಿನ ನಿದರ್ಶನವಾಗಿತ್ತು. ಮಾಜಿ ಸಚಿವ ದಿ. ವೈಜನಾಥ ಪಾಟೀಲರು ಈ ಹೋರಾಟದ ಮುಂಚೂಣಿಯಲ್ಲಿದ್ದರು. ರಾಜ್ಯ ವಿಧಾನಮಂಡಲವು 2010ರಲ್ಲಿ ನಿರ್ಣಯ ಅಂಗೀಕರಿಸಿತು. ಸಂಸತ್ತು 2012ರ ಡಿಸೆಂಬರ್‌ನಲ್ಲಿ ಮಸೂದೆಗೆ ಒಪ್ಪಿಗೆ ನೀಡಿತು. 98ನೇ ತಿದ್ದುಪಡಿಯಾಗಿ 371(ಜೆ) ಸಂವಿಧಾನವನ್ನು ಸೇರಿತು.

ಪ್ರವೇಶದಲ್ಲಿ ಇದರ ಪರಿಣಾಮ

2013ರಲ್ಲಿ ಹೊರಡಿಸಲಾದ ಪ್ರವೇಶ ನಿಯಂತ್ರಣ ಆದೇಶದಂತೆ, ಈ ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ರಾಜ್ಯ ಸರ್ಕಾರಕ್ಕೆ ಲಭ್ಯವಿರುವ ಸೀಟುಗಳ ಶೇ. 70ರಷ್ಟನ್ನು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲಿರಿಸಲಾಗಿದೆ. ಪ್ರದೇಶದ ಹೊರಗಿರುವ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಈ ಪ್ರಮಾಣ ಶೇ. 8. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಮೀಸಲಾತಿಯು ಈ ಪಾಲಿನೊಳಗೂ ಅನ್ವಯಿಸುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರ ಅಖಿಲ ಭಾರತ ಕೋಟಾ ಇದರ ವ್ಯಾಪ್ತಿಗೆ ಬರುವುದಿಲ್ಲ. ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನಲ್ಲಿಯೇ ಇದ್ದರೂ ಕೇಂದ್ರೀಯ ಸಂಸ್ಥೆಯಾದುದರಿಂದ ಅದೂ ಹೊರತು.

ಈ ಎರಡು ಪ್ರಮಾಣಗಳನ್ನು ಒಟ್ಟಾಗಿ ನೋಡಿದಲ್ಲಿ ಮಾತ್ರ ವ್ಯವಸ್ಥೆಯು ಸ್ಪಷ್ಟವಾಗುತ್ತದೆ. ಶೇ. 70 ಎಂಬುದು ವಿದ್ಯಾರ್ಥಿಯನ್ನು ರಾಯಚೂರು, ಬೀದರ್, ಕೊಪ್ಪಳದಂತಹ ಊರುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಕಡೆಗೆ, ಅಂದರೆ ಮನೆಗೆ ಹತ್ತಿರಕ್ಕೆ, ಸೆಳೆಯುತ್ತದೆ. ಶೇ. 8 ಎಂಬುದು ಅದೇ ವಿದ್ಯಾರ್ಥಿಗೆ ಬೆಂಗಳೂರು, ಮೈಸೂರಿನ ಬಾಗಿಲನ್ನು ತೆರೆಯುತ್ತದೆ. ಉತ್ತಮ ರ‍್ಯಾಂಕ್ ಇರುವವರು ಎರಡನೆಯದನ್ನು ಆರಿಸಿಕೊಳ್ಳುವುದು ಸ್ವಾಭಾವಿಕವಾಗಿದ್ದು, ಪ್ರದೇಶದ ಕಾಲೇಜುಗಳು ತಮ್ಮದೇ ಉತ್ತಮ ವಿದ್ಯಾರ್ಥಿಗಳನ್ನು ಕಳೆದುಕೊಳ್ಳುವ ಸಂಭವವೂ ಇದರಲ್ಲಿಯೇ ಅಡಗಿದೆ. ನದಿಯಾಚೆಯ ವಿಜಯಪುರದ ವಿದ್ಯಾರ್ಥಿಗಾದರೋ ಹತ್ತಿರದ ಕಲಬುರಗಿಯಲ್ಲಿ ಉಳಿಯುವುದು ಶೇ. 30ರ ಸ್ಪರ್ಧೆ ಮಾತ್ರ.

ಹರಪನಹಳ್ಳಿ ತಾಲ್ಲೂಕು

ಗಡಿರೇಖೆಯು ಎಷ್ಟು ಪರಿಣಾಮಕಾರಿ ಎಂಬುದಕ್ಕೆ ಈ ತಾಲ್ಲೂಕಿಗಿಂತ ಉತ್ತಮ ಉದಾಹರಣೆ ಇಲ್ಲ. ಬಳ್ಳಾರಿ ಜಿಲ್ಲೆಯು 1948ರ ವೇಳೆಗೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಇರಲಿಲ್ಲ. ಅದು ಮದರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಆದಾಗ್ಯೂ ಹಿಂದುಳಿದಿರುವಿಕೆಯನ್ನು ಪರಿಗಣಿಸಿ 371(ಜೆ) ವ್ಯಾಪ್ತಿಗೆ ಬಳ್ಳಾರಿಯನ್ನು ಒಳಪಡಿಸಲಾಯಿತು. ಹರಪನಹಳ್ಳಿ ಮಾತ್ರ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದ ಕಾರಣ ಹೊರಗುಳಿಯಿತು. ಜಿಲ್ಲಾ ಕೇಂದ್ರ ಹತ್ತಿರವಾಗಲೆಂದು ಆದ ಬದಲಾವಣೆಯು ಹದಿನಾರು ವರ್ಷಗಳ ಬಳಿಕ ಮಕ್ಕಳ ಕಾಲೇಜು ಸೀಟಿಗೆ ಅಡ್ಡಿಯಾಗುವುದೆಂದು ಆಗ ಯಾರೂ ಎಣಿಸಿರಲಾರರು. ಜನರ ಒತ್ತಾಯದ ಮೇರೆಗೆ 2018ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಿ ಸೌಲಭ್ಯವನ್ನು ವಿಸ್ತರಿಸಲಾಯಿತು. 2021ರಿಂದ ಅದು ವಿಜಯನಗರ ಜಿಲ್ಲೆಯಲ್ಲಿದೆ. ಹೀಗಾಗಿ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣಗೊಂಡ ಈ ಪ್ರದೇಶದಲ್ಲಿ ಈಗ ಏಳು ಜಿಲ್ಲೆಗಳಿವೆ.

ರಾಜ್ಯದ ಗಡಿಯಾಚೆಯ ಕನ್ನಡಿಗರಿಗೆ ಪ್ರತ್ಯೇಕ ನಿಯಮವಿದೆ. ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ಗಡಿನಾಡು ಪ್ರದೇಶಗಳ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಅಭ್ಯರ್ಥಿಗಳು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕರ್ನಾಟಕದ ಸರ್ಕಾರಿ ಸೀಟುಗಳಿಗೆ ಅರ್ಹತೆ ಪಡೆಯಬಹುದು. ಇದು 371(ಜೆ) ಮೀಸಲಾತಿಗೆ ಸಂಬಂಧಿಸಿದ್ದಲ್ಲ.

ಅರ್ಹತಾ ಪ್ರಮಾಣ ಪತ್ರ

371(ಜೆ) ಅರ್ಹತಾ ಪ್ರಮಾಣ ಪತ್ರವನ್ನು ಸಂಬಂಧಪಟ್ಟ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ತಹಶೀಲ್ದಾರರಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಷ್ಟೇ ಸಾಕೆಂದು ತಿಳಿದು, ಅರ್ಹತೆಯಿದ್ದರೂ ಈ ಮೀಸಲಾತಿಯನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಪ್ರದೇಶದಲ್ಲಿ ಜನಿಸಿ, ತಂದೆ-ತಾಯಿಯ ಉದ್ಯೋಗದ ನಿಮಿತ್ತ ಬೇರೆಡೆ ಓದಿದವರಿಗೂ ಜನನದ ಆಧಾರವಿರುವುದರಿಂದ, ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿದ್ದ ಮಾತ್ರಕ್ಕೆ ಅರ್ಹತೆ ಇಲ್ಲವೆಂದು ಕೈಬಿಡತಕ್ಕದ್ದಲ್ಲ. ಮೀಸಲಾತಿ ಕೋರಿಕೆಯನ್ನು ಪ್ರವೇಶ ಅರ್ಜಿಯಲ್ಲಿಯೇ ನಮೂದಿಸಬೇಕಾಗಿರುವುದರಿಂದ, ದ್ವಿತೀಯ ಪಿಯುಸಿ ಫಲಿತಾಂಶಕ್ಕೆ ಕಾಯದೆ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ.