ಕಿಂದರಿಜೋಗಿ ಬಂದ ದಾರಿ

ನಮ್ಮ ಶಾಲೆಯ ಗ್ಯಾದರಿಂಗಿನಲ್ಲಿ ನಾಲ್ಕೈದು ವರ್ಷಕ್ಕೊಮ್ಮೆಯಾದರೂ 'ಕಿಂದರಿಜೋಗಿ' ಆಡದೆ ಬಿಟ್ಟಿಲ್ಲ. ಇದಕ್ಕೆ ಸಾಹಿತ್ಯದ ಕಾರಣ ಒಂದಾದರೆ ವ್ಯವಹಾರದ ಕಾರಣ ಇನ್ನೊಂದು. ತರಗತಿಯಲ್ಲಿ ಎಷ್ಟೇ ಮಕ್ಕಳಿರಲಿ, ಎಲ್ಲರಿಗೂ ಇಲಿಯ ಪಾತ್ರ ಕೊಡಬಹುದು. ಯಾವ ಪಾಲಕರಿಂದಲೂ ದೂರು ಬರುವುದಿಲ್ಲ. ಹೀಗೆ ಇಲಿಯಾಗಿ ರಂಗದ ಮೇಲೆ ಓಡಿದವರು ಇಂದು ಈ ಸಂಚಿಕೆಯ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗಾಗಿಯೇ ಈ ಲೇಖನ.

ಕುವೆಂಪು ಅವರು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬರೆದದ್ದು 1920ರ ದಶಕದಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನ ಅದಕ್ಕೆ ಮೂಲ. ಬ್ರೌನಿಂಗನ ಊರು ಜರ್ಮನಿಯ ಹ್ಯಾಮೆಲಿನ್, ನದಿ ವೇಸರ್. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದರು. ನಗರಾಧ್ಯಕ್ಷ ಊರಗೌಡನಾದ, ಕೊಳಲೂದುವವನು ಕಿಂದರಿ ಬಾರಿಸುವ ಜೋಗಿಯಾದ. ಕಿಂದರಿ ಎಂದರೆ ಕಿನ್ನರಿ. ಸೋರೆಬುರುಡೆ ಕಟ್ಟಿದ ತಂತಿವಾದ್ಯವದು. ಅದನ್ನು ಹೆಗಲಿಗೆ ಹಾಕಿಕೊಂಡು ಊರೂರು ಅಲೆಯುವ ಜೋಗಿಗಳು ನಮ್ಮ ನಾಡಿನಲ್ಲಿ ನಿಜವಾಗಿಯೂ ಇದ್ದರು. ಅದರಿಂದಲೇ ಕಥೆ ಇಲ್ಲಿ ಬೇರುಬಿಟ್ಟಿತು. ಇದು ಜರ್ಮನಿಯ ಕಥೆ ಎಂದರೆ ನಂಬದೆ ನನ್ನೊಡನೆ ವಾದಕ್ಕೆ ನಿಂತವರಿದ್ದಾರೆ. (ರವಿಚಂದ್ರನ್ ಅವರ ಸಿನಿಮಾಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ, ಅದನ್ನಿಲ್ಲಿ ತರುವುದಿಲ್ಲ.)

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಕುವೆಂಪು ಕೈಗೆ ಈ ಕಥೆ ಸಿಗುವ ಕೆಲವೇ ವರ್ಷಗಳ ಮೊದಲು ಅದು ಸಿನಿಮಾ ಆಗಿತ್ತು. ಅದೂ ಮೂಕಿ ಸಿನಿಮಾ. ತಯಾರಾದದ್ದು ಜರ್ಮನಿಯಲ್ಲಿ, ತೆರೆಗೆ ಬಂದದ್ದು 1918ರಲ್ಲಿ. ಪಾಲ್ ವೆಗೆನರ್ ಎಂಬ ನಟ ಅದನ್ನು ನಿರ್ದೇಶಿಸಿ ಕೊಳಲಿನವನ ಪಾತ್ರವನ್ನೂ ತಾನೇ ಮಾಡಿದ. ನಾಟಕದಲ್ಲಿ ಮಾಡಲಾಗದ್ದನ್ನು ಕ್ಯಾಮೆರಾ ಮಾಡಬೇಕು, ಅದಕ್ಕೆ ಹಳೆಯ ಜನಪದ ಕಥೆಗಳೇ ತಕ್ಕವು ಎಂಬುದು ಅವನ ನಂಬಿಕೆ. ಮಣ್ಣಿನ ಬೊಂಬೆಗೆ ಜೀವ ಬರುವ ಯೆಹೂದ್ಯರ 'ಗೋಲೆಮ್' ಕಥೆಯನ್ನು ತೆರೆಗೆ ತಂದವನೂ ಅವನೇ. ನಮ್ಮಲ್ಲಿಯೂ ಅದೇ ಹೊತ್ತಿಗೆ ಇಂಥದೇ ಕೆಲಸ ನಡೆದಿತ್ತು. ದಾದಾಸಾಹೇಬ ಫಾಲ್ಕೆಯವರು 1918ರಲ್ಲಿ 'ಶ್ರೀಕೃಷ್ಣ ಜನ್ಮ', ಮರುವರ್ಷ 'ಕಾಲಿಯ ಮರ್ದನ' ತೆಗೆದರು. ಕಾಲಿಯನ ಹೆಡೆಯ ಮೇಲೆ ಕುಣಿದ ಬಾಲಕೃಷ್ಣ ಅವರ ಮಗಳು ಮಂದಾಕಿನಿ.

ಮೂಕಿ ಸಿನಿಮಾದಲ್ಲಿ ಕೊಳಲಿನ ಕಥೆ ಹೇಳುವುದು ಹೇಗೆ? ಕೊಳಲೇ ಕೇಳಿಸುವುದಿಲ್ಲವಲ್ಲ! ತೆರೆಯ ಮುಂದೆ ಕುಳಿತ ವಾದ್ಯದವರು ಏನು ನುಡಿಸಿದರೆ ಅದೇ ಕೊಳಲು. ಆದ್ದರಿಂದ ಇಲಿಗಳು ಅವನ ಹಿಂದೆ ಹೋಗುವುದನ್ನು ನೋಡುಗರು ಕಣ್ಣಿನಿಂದಲೇ ನಂಬಬೇಕಿತ್ತು. ವೆಗೆನರ್ ಸೋತದ್ದು ಅಲ್ಲಿಯೇ. ನಿಜವಾದ ಇಲಿಗಳು ಅವನ ಹಿಂದೆ ಬರಲಿಲ್ಲ. ಗಿನಿ ಹಂದಿಗಳಿಗೆ ಇಲಿಯ ವೇಷ ಹಾಕಿ ನೋಡಿದರು, ಅದೂ ಕೈಗೂಡಲಿಲ್ಲ. ಕೊನೆಗೆ ಮರದ ಇಲಿಗಳನ್ನು ಮಾಡಿಸಿ, ಕೂದಲೆಳೆಯಷ್ಟು ಮುಂದೆ ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಮತ್ತೊಂದು ಚಿತ್ರ, ಹೀಗೆ ಓಡಿಸಿದರು. ಈ ಕೆಲಸದಲ್ಲಿದ್ದವಳು ಲೋಟೆ ರೈನಿಗರ್ ಎಂಬ ಹುಡುಗಿ. ಆಗ ಅವಳಿಗೆ 19 ವರ್ಷ. ಕಪ್ಪು ಕಾಗದವನ್ನು ಕತ್ತರಿಯಿಂದ ಕತ್ತರಿಸಿ ನೆರಳಿನ ಆಕೃತಿ ಮಾಡುವುದರಲ್ಲಿ ಎತ್ತಿದ ಕೈ. ಸಿನಿಮಾದ ನಡುನಡುವೆ ಬರುವ ಅಕ್ಷರದ ಫಲಕಗಳಿಗೂ ಅವಳೇ ನೆರಳುಚಿತ್ರ ಮಾಡಿಕೊಟ್ಟಳು. 1926ರಲ್ಲಿ ಅವಳು ಅರೇಬಿಯನ್ ನೈಟ್ಸ್ ಕಥೆಗಳಿಂದ 'ರಾಜಕುಮಾರ ಅಖ್ಮೆದ್' ಎಂಬ ಪೂರ್ತಿ ನೆರಳುಚಿತ್ರದ ಸಿನಿಮಾ ಮಾಡಿ ಹೆಸರಾದಳು. ತೊಗಲುಗೊಂಬೆಯಾಟ ಕಂಡವರಿಗೆ ಇದು ಹೊಸದೆನಿಸದು. ನಮ್ಮ ತೊಗಲುಗೊಂಬೆಗೆ ಬಣ್ಣವಿದೆ, ಅವಳ ಕಾಗದದ ಗೊಂಬೆಗೆ ಇಲ್ಲ, ಅಷ್ಟೆ.

ನಮ್ಮ ಶಾಲೆಯಲ್ಲಿ ಇಲಿಗಳ ಅಡಚಣೆ ಎಂದೂ ಆಗಲಿಲ್ಲ. ನಿಲ್ಲಿಸುವುದೇ ಕಷ್ಟವಿತ್ತು.

1918 ಎಂಬ ವರ್ಷವನ್ನು ಸುಮ್ಮನೆ ದಾಟಬಾರದು. ನವೆಂಬರಿನಲ್ಲಿ ಮೊದಲ ಮಹಾಯುದ್ಧ ಮುಗಿದು ಜರ್ಮನಿ ಸೋತಿತ್ತು, ಅದರ ಚಕ್ರವರ್ತಿ ಸಿಂಹಾಸನ ಬಿಟ್ಟಿದ್ದ. ಸುಮಾರು 20 ಲಕ್ಷ ಜರ್ಮನ್ ಸೈನಿಕರು ಮನೆಗೆ ಮರಳಲಿಲ್ಲ. ವಾದ್ಯದ ಸದ್ದಿಗೆ ಸಾಲುಗಟ್ಟಿ ಊರಿನಿಂದ ಹೊರಟ ಮಕ್ಕಳು ತಿರುಗಿ ಬಾರದ ಕಥೆಯನ್ನು ಆ ದಿನಗಳ ತಾಯಂದಿರು ಹೇಗೆ ನೋಡಿದ್ದಿರಬಹುದು? ಅದೇ ವರ್ಷ ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ಒಂದು ಕೋಟಿಗೂ ಮಿಕ್ಕಿ ಜನರನ್ನು ಒಯ್ದಿತು. ಅದಕ್ಕೂ ಮೊದಲೇ, 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿಯನ್ನು ಹಿಡಿದಿತ್ತು. ಹಳಿಯಾಳ, ಮುಂಡಗೋಡಿನವರಿಗೆ ಹುಬ್ಬಳ್ಳಿ ದೂರದ ಊರಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟುತ್ತಿದ್ದರು. ಪ್ಲೇಗಿನ ಅಮ್ಮನಿಗೆ ಗುಡಿಗಳಾದದ್ದು ಆ ಕಾಲದಲ್ಲಿ. ಬೊಮ್ಮನಹಳ್ಳಿಯ ಇಲಿಗಳನ್ನು ಓದಿ ನಾವು ನಗುತ್ತೇವೆ. ಕುವೆಂಪು ತಲೆಮಾರಿನ ಹಿರಿಯರಿಗೆ ಇಲಿ ಬರೀ ನಗೆಯ ವಸ್ತುವಾಗಿರಲಿಲ್ಲ.

ಇನ್ನು ನಿಜವಾದ ಹ್ಯಾಮೆಲಿನ್‌ಗೆ ಬರೋಣ. ಕಥೆಯ ಹಳೆಯ ದಾಖಲೆಗಳನ್ನು ಹುಡುಕುತ್ತ ಹಿಂದೆ ಹಿಂದೆ ಹೋದರೆ ಒಂದು ಆಶ್ಚರ್ಯ ಕಾದಿದೆ. ಅಲ್ಲಿ ಇಲಿಗಳೇ ಇಲ್ಲ! ಸುಮಾರು 1450ರ ಹೊತ್ತಿಗೆ ಲ್ಯಾಟಿನ್ನಿನಲ್ಲಿ ಬರೆದ ಒಂದು ಹಸ್ತಪ್ರತಿ ಹೇಳುವುದಿಷ್ಟು: 1284ನೆಯ ಇಸವಿ ಜೂನ್ 26ರಂದು ಸುಮಾರು ಮೂವತ್ತು ವರ್ಷದ, ಒಳ್ಳೆಯ ಬಟ್ಟೆ ತೊಟ್ಟ ಸುಂದರ ಪುರುಷನೊಬ್ಬ ಬೆಳ್ಳಿಯ ಕೊಳಲು ಹಿಡಿದು ಸೇತುವೆ ದಾಟಿ ಊರೊಳಗೆ ಬಂದ. ಕೊಳಲೂದಿದ. 130 ಮಕ್ಕಳು ಅವನ ಹಿಂದೆ ಹೋದವರು ಕಾಣೆಯಾದರು. ತಾಯಂದಿರು ಊರಿಂದೂರಿಗೆ ಹುಡುಕಿದರೂ ಸಿಗಲಿಲ್ಲ. ಇಲಿಯಿಲ್ಲ, ಕೂಲಿಯ ಮಾತಿಲ್ಲ, ಕೊಟ್ಟ ಮಾತಿಗೆ ತಪ್ಪಿದ ಅಧ್ಯಕ್ಷನೂ ಇಲ್ಲ. ಇಲಿಗಳು ಕಥೆಯೊಳಗೆ ನುಗ್ಗಿದ್ದು ಅದಾದ ನೂರು ವರ್ಷಗಳ ಮೇಲೆ, 16ನೆಯ ಶತಮಾನದಲ್ಲಿ. (ಇಲಿ ಚೆನ್ನಾಗಿ ಈಜುತ್ತದೆ, ಹೊಳೆಗೆ ಬಿದ್ದ ಮಾತ್ರಕ್ಕೆ ಸಾಯುವುದಿಲ್ಲ ಎಂಬುದು ವಿಜ್ಞಾನ ಶಿಕ್ಷಕರ ಹಳೆಯ ತಕರಾರು. ಸರಿಯಾದ ತಕರಾರೇ.)

ಇಲಿಗಳು ಏಕೆ ಬಂದವು? ನನಗನಿಸುವುದು ಹೀಗೆ. ಮಕ್ಕಳು ಕಾಣೆಯಾದರು ಎಂಬಲ್ಲಿಗೆ ಮಾತು ನಿಲ್ಲಿಸಲು ಯಾವ ಊರಿಗೂ ಆಗುವುದಿಲ್ಲ. ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ಗೊತ್ತಿದ್ದವರು ತೀರಿಹೋದ ಮೇಲೆ ಕಥೆ ಉತ್ತರವನ್ನು ಕಟ್ಟಿಕೊಳ್ಳುತ್ತದೆ. ಹಿರಿಯರು ಮಾತಿಗೆ ತಪ್ಪಿದರು, ಮಕ್ಕಳು ದಂಡ ತೆತ್ತರು ಎಂಬುದು ಅಂಥ ಉತ್ತರ.

ನಿಜ ಸಂಗತಿ ಏನಿದ್ದೀತು ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ರೋಗ, ಯುದ್ಧ, ಕುಣಿತದ ಹುಚ್ಚು, ಹೀಗೆ ಊಹೆಗಳು ಹಲವು. ನನಗೆ ಹೆಚ್ಚು ಒಪ್ಪಿಗೆಯಾಗುವುದು ವಲಸೆಯ ವಾದ. 13ನೆಯ ಶತಮಾನದಲ್ಲಿ ಜರ್ಮನಿಯ ಪೂರ್ವದಲ್ಲಿ ಜನ ವಿರಳವಾಗಿದ್ದ ನೆಲವಿತ್ತು. ಅಲ್ಲಿನ ಒಡೆಯರ ಪರವಾಗಿ ಆಳುಗಳು ಊರೂರಿಗೆ ಬಂದು, ಭೂಮಿ ಕೊಡುತ್ತೇವೆ ಎಂದು ಪ್ರಾಯದವರನ್ನು ಕರೆದೊಯ್ಯುತ್ತಿದ್ದರು. ಯೂರ್ಗೆನ್ ಉಡಾಲ್ಫ್ ಎಂಬ ಭಾಷಾಶಾಸ್ತ್ರಜ್ಞರು ಹ್ಯಾಮೆಲಿನ್ ಸುತ್ತಲಿನ ಹೆಸರುಗಳು ಬರ್ಲಿನ್ನಿನ ಉತ್ತರದ ಸೀಮೆಯಲ್ಲಿ ಕಾಣಿಸಿಕೊಳ್ಳುವುದನ್ನು ಎತ್ತಿ ತೋರಿಸಿದ್ದಾರೆ. ಹಾಗಾದರೆ ದಾಖಲೆಯಲ್ಲಿ 'ಮಕ್ಕಳು' ಎಂದಿದೆಯಲ್ಲ? ನಾವೂ ರೈತರನ್ನು ಮಣ್ಣಿನ ಮಕ್ಕಳು ಎನ್ನುತ್ತೇವೆ, ಅವರೆಲ್ಲ ಬಾಲಕರೇ? ಊರಿನ ಮಕ್ಕಳು ಎಂದರೆ ಊರಲ್ಲಿ ಹುಟ್ಟಿದವರು ಎಂದಷ್ಟೇ ಇರಬಹುದು.

ಈ ವಾದ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ನಾಲ್ಕು ತಾಲೂಕುಗಳೇ ಬಂದವರಿಂದ ಮತ್ತು ಹೋದವರಿಂದ ಆದವು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ನಮ್ಮ ಸಿದ್ದಿಗಳು. ಎಮ್ಮೆಗಳ ಹಿಂದೆ ಮಹಾರಾಷ್ಟ್ರದ ಕಡೆಯಿಂದ ಬಂದವರು ಗೌಳಿಗಳು. 1950ರ ದಶಕದಲ್ಲಿ ಕಾಗದದ ಕಾರ್ಖಾನೆಯಾದ ಮೇಲೆ ದಾಂಡೇಲಿಗೆ ಬರದ ಭಾಷೆಯಿಲ್ಲ. 1960ರ ದಶಕದಲ್ಲಿ ದೇಶ ಬಿಟ್ಟ ಟಿಬೆಟಿಯನ್ನರಿಗೆ ಮುಂಡಗೋಡಿನಲ್ಲಿ ನೆಲೆಯಾಯಿತು. ಇನ್ನು ಜೋಯಿಡಾ. ಆ ತಾಲೂಕಿಗೆ ಮೊದಲು ಸೂಪಾ ಎಂದೇ ಹೆಸರು. ಕಾಳಿ ಮತ್ತು ಪಾಂಡರಿ ಕೂಡುವಲ್ಲಿದ್ದ ಸೂಪಾ ಪೇಟೆ, 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟು ಪೂರ್ಣಗೊಂಡದ್ದು 1987ರಲ್ಲಿ. ಅಷ್ಟರೊಳಗೆ ಜನ ಗಂಟುಮೂಟೆ ಕಟ್ಟಿ ರಾಮನಗರಕ್ಕೂ ಬೇರೆ ಬೇರೆ ಊರುಗಳಿಗೂ ಹೋಗಿಯಾಗಿತ್ತು.

ಅವರು ಯಾವ ಕಿಂದರಿಯ ಹಿಂದೆಯೂ ಹೋಗಲಿಲ್ಲ, ಎಲ್ಲಿಗೆ ಹೋದರು ಎಂಬುದೂ ಗೊತ್ತಿದೆ. ಆದರೆ ಗೊತ್ತಿದ್ದವರ ವಯಸ್ಸು ಈಗ ಎಪ್ಪತ್ತು, ಎಂಬತ್ತು. ಸೂಪಾದ ಸಂತೆ ಎಲ್ಲಿ ಕೂಡುತ್ತಿತ್ತು, ಹೊಳೆ ದಾಟುವ ದೋಣಿ ಯಾವ ಕಡೆಗಿತ್ತು, ಯಾವ ಮನೆಯವರು ಯಾವ ಊರಿಗೆ ಹೋದರು ಎಂಬುದನ್ನು ಇನ್ನೂ ಹೇಳಬಲ್ಲ ಹಿರಿಯರು ನಮ್ಮ ನಡುವೆ ಇದ್ದಾರೆ. ಹತ್ತನೆಯ ತರಗತಿಯವರು ಪ್ರತಿವರ್ಷ ಮಾಡುವ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. ಅಂತರ್ಜಾಲದಿಂದ ಇಳಿಸಿಕೊಳ್ಳಲು ಬರುವುದಿಲ್ಲ ಎಂಬ ಅನುಕೂಲವೂ ಇದೆ.

ಹ್ಯಾಮೆಲಿನ್ನಿನಲ್ಲಿ ಮಕ್ಕಳು ಹೋದರೆನ್ನುವ ಬೀದಿಯೊಂದಿದೆ. ಅಲ್ಲಿ ಮದುವೆಯ ದಿಬ್ಬಣ ಬಂದರೂ ವಾದ್ಯ ನಿಲ್ಲಿಸಿ ಸಾಗುವುದು ರೂಢಿ. ಆ ಊರಿನವರು ಮಕ್ಕಳು ಹೋದ ದಿನದಿಂದಲೇ ವರ್ಷ ಎಣಿಸಿ ಊರ ಪುಸ್ತಕದಲ್ಲಿ ಬರೆಯುತ್ತಿದ್ದರೆಂದು ಗ್ರಿಮ್ ಸಹೋದರರು ದಾಖಲಿಸಿದ್ದಾರೆ. ನಮ್ಮಲ್ಲಿ ಅಂಥ ಪುಸ್ತಕವೆಂದರೆ ಶಾಲೆಯ ಜನರಲ್ ರಜಿಸ್ಟರ್. ಅದರಲ್ಲಿ ಹುಟ್ಟಿದ ಊರಿಗೆಂದು ಒಂದು ಅಂಕಣವಿದೆ. ಹಳೆಯ ಹಾಳೆಗಳನ್ನು ತಿರುವಿದರೆ ಆ ಅಂಕಣದಲ್ಲಿ ಸೂಪಾ ಎಂಬ ಹೆಸರು ಇಂದಿಗೂ ಸಿಗುತ್ತದೆ, ನೀಲಿ ಶಾಯಿಯಲ್ಲಿ.