ಸುಮೋದಿಂದ ಇನ್ನೋವಾದ ತನಕ

ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ತಗೋಬೇಕಂತ ಈಗ ಮನಿ ಮನಿಯೊಳಗ ಮಾತು ನಡದದ. ಗಾಡಿಗೋಳ ಹಿಂದಿನ ಕಥಿ ಗೊತ್ತಿದ್ರ ಆರಿಸೋದು ಹಗೂರ ಆಗ್ತದ ನೋಡ್ರಿ.

1994ರಾಗ ಟಾಟಾ ಸುಮೋ ಬಂತು. ಟೆಲ್ಕೊ ಕಂಪನಿ ಬೆಳೆಸಿದ ಸುಮಂತ ಮೂಳಗಾಂವಕರ ಅವರ ಹೆಸರಿನಿಂದನ ‘ಸುಮೋ’ ಆತು. ಲಗ್ನಕ್ಕ, ಜಾತ್ರಿಗೆ ಮಂದಿ ಹಿಡಿಸ್ತಿತ್ತು ಖರೆ, ಆದ್ರ ಹಿಂದ ಎದುರು-ಬದುರು ಕೂತವರ ಟೊಂಕಕ್ಕ ಸುಖ ಇರಲಿಲ್ಲ.

2000ದಾಗ ನಮ್ಮ ಬಿಡದಿ ಕಾರ್ಖಾನಿಯಿಂದ ಟೊಯೋಟಾ ಕ್ವಾಲಿಸ್ ಹೊರಗ ಬಂತು. ಇಂಡೋನೇಷ್ಯಾದ ‘ಕಿಜಾಂಗ್’ ಗಾಡಿಯ ರೂಪ ಅದು. ನೋಡಾಕ ಚೆಲುವಿ ಅಲ್ಲ, ದುಡಿಮಿಗೆ ಗಟ್ಟಿಗಿತ್ತಿ! ಟ್ಯಾಕ್ಸಿಯವರು ಭಾಳ ಮೆಚ್ಚಿದ್ರು. ಚೊಲೋ ಮಾರಾಟ ಇದ್ದಾಗನ 2005ರಾಗ ಅದನ್ನ ನಿಲ್ಲಿಸಿ ಇನ್ನೋವಾ ತಂದ್ರು. ಮೂರನೇ ಸಾಲಿನವರೂ ಮುಂದ ಮುಖ ಮಾಡಿ ಕೂಡಬಹುದು, ಹಿಂದಕ್ಕೂ ಎಸಿ ಗಾಳಿ. ಅತ್ತಿ-ಮಾವನ್ನ ಮಂತ್ರಾಲಯಕ್ಕ ಕರಕೊಂಡು ಹೋಗೋವರಿಗೆ ಇನ್ನೇನು ಬೇಕ್ರಿ?

ಅದಕ್ಕ ಹಳೇ ಇನ್ನೋವಾದ ರೇಟ್ ಜಲ್ದಿ ಇಳಿಯೂದಿಲ್ಲ. ಆದ್ರ ಬರೇ ಹೆಸರು ನೋಡಿ ರೊಕ್ಕ ಕೊಡಬ್ಯಾಡ್ರಿ. ಟ್ಯಾಕ್ಸಿಗೆ ಓಡೇದೇನು, ಮೀಟರ್ ಹಿಂದ ತಿರುವ್ಯಾರೇನು ಅಂತ ಸರ್ವಿಸ್ ದಾಖಲಿ ನೋಡ್ರಿ. ಆರ್‌ಸಿಯೊಳಗ ಬ್ಯಾಂಕ್ ಸಾಲ ತೀರೇದೇನು ನೋಡ್ರಿ. ಖಾಸಗಿ ಗಾಡಿ ನೋಂದಣಿ 15 ವರ್ಷದ್ದು, ಆಮ್ಯಾಲ ಫಿಟ್ನೆಸ್ ಮಾಡಿಸಿ ಮತ್ತ ನೋಂದಣಿ ಮಾಡಿಸಬೇಕು.

ರೊಕ್ಕ ಕಡಿಮಿ ಇದ್ರ ಮಹೀಂದ್ರಾ ಬೊಲೆರೋ ಅದ. ಹಳ್ಳಿ ಮೆಕ್ಯಾನಿಕ್ಕೂ ರಿಪೇರಿ ಮಾಡ್ತಾನ, ಆದ್ರ ಕುಲುಕಾಟ ಜಾಸ್ತಿ. ಯಾವುದ ಇರಲಿ, ಮುಂಗಡ ಕೊಡೂಕಿಂತ ಮೊದಲ ಮನಿ ಹಿರ್ಯಾರನ್ನ ಹಿಂದಿನ ಸೀಟಿನ್ಯಾಗ ಕೂಡಿಸಿ ಒಂದು ರೌಂಡ್ ಹೊಡೀರಿ. ಅವರ ಮಾತ ಕಡೀ ಮಾತು.