ಪುಣೆಯ ಮದುವೆ ಸೀರೆ: ಅಗ್ಗದ ಬಟ್ಟೆಯ ಒಂದು ಚರಿತ್ರೆ

ಈ ವಾರದ ಮಾತು ಒಂದು ಪತ್ರದಿಂದ ಶುರುವಾಗುತ್ತೆ. ಬರೆದವರು ಪುಣೆಯಲ್ಲಿರುವ ಒಬ್ಬ ತಾಯಿ, ಮೂಲ ಊರು ಬಾಗಲಕೋಟೆ ಕಡೆ. ಮಗಳ ಮದುವೆ ತುಳಸಿ ಲಗ್ನ ಆದಮೇಲೆ. ಈಗ ಆಷಾಢ, ಲಕ್ಷ್ಮೀ ರೋಡಿನ ಅಂಗಡಿಗಳ ಮುಂದೆ ‘ಸೇಲ್’ ಬೋರ್ಡು. ಮದುವೆ ಸೀರೆಯನ್ನ ಸೇಲ್‌ನಲ್ಲಿ ತಗೊಂಡ್ರೆ ಬೀಗರು ಏನಂತಾರೋ ಅಂತ ಅವರಿಗೆ ಹೆದರಿಕೆ. ದುಡ್ಡಿನ ಲೆಕ್ಕ ಸರಿಯಾಗೇ ಇದೆ, ಹೆದರಿಕೆ ಮಾನದ್ದು. ಈ ಮಾನ ಅನ್ನೋದು ಸೀರೆಗೆ ಯಾವಾಗ ಅಂಟಿಕೊಳ್ತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನ ಹೇಳ್ತೀನಿ.

ಮೊದಲಿಗೆ ಒಂದು ಹಳದಿ ಬಟ್ಟೆ. ಮರಾಠಿ ಮನೆಗಳಲ್ಲಿ ಅದಕ್ಕೆ ಅಷ್ಟಪುತ್ರಿ ಅಂತಾರೆ. ‘ಅಷ್ಟಪುತ್ರ ಸೌಭಾಗ್ಯವತಿ ಭವ’ ಅನ್ನೋ ಆಶೀರ್ವಾದದ ಹೆಸರೇ ಬಟ್ಟೆಗೂ ಬಂದಿದೆ. ಸಾದಾ ಹತ್ತಿ, ತೆಳ್ಳಗಿನ ನೇಯ್ಗೆ, ಹಳದಿ ಬಣ್ಣ. ಸಾಮಾನ್ಯವಾಗಿ ಸೋದರಮಾವ ತಂದುಕೊಡೋದು. ಮದುವೆಯ ವಿಧಿಗೆ, ಅಂದರೆ ಅಂತರಪಟದ ಹಿಂದೆ ಹುಡುಗಿ ನಿಲ್ಲೋ ಆ ಹೊತ್ತಿಗೆ, ಹಳೇ ಪದ್ಧತಿಯಲ್ಲಿ ಬೇಕಾಗಿದ್ದು ಇದು. ನಮ್ಮ ಹಳೇ ಮೈಸೂರು ಕಡೆ ಅರಿಶಿನದಲ್ಲಿ ಅದ್ದಿದ ಧಾರೆ ಸೀರೆ ಇದೆಯಲ್ಲ, ಹತ್ತಿರಹತ್ತಿರ ಅದೇ ಭಾವ. ಬಟ್ಟೆ ಹೊಸದಾಗಿರಬೇಕು, ಅರಿಶಿನದ ಬಣ್ಣ ಇರಬೇಕು, ಅಷ್ಟೆ. ವಿಧಿ ಎಲ್ಲೂ ಜರಿ ಕೇಳಿಲ್ಲ. ಮಂಟಪದಲ್ಲಿ ಮದುಮಗಳ ಮೈಮೇಲಿದ್ದ ಬಟ್ಟೆ, ನೆಂಟರು ಉಟ್ಟು ಬಂದ ಬಟ್ಟೆಗಿಂತ ಅಗ್ಗವಾಗಿದ್ದಿರಬಹುದು!

ಹಾಗಾದರೆ ಜರಿ ಎಲ್ಲಿಂದ ಬಂತು? ಪುಣೆಯ ಮಟ್ಟಿಗೆ ಶನಿವಾರವಾಡೆಯಿಂದ ಅನ್ನಬಹುದು. 1730ರಲ್ಲಿ ಒಂದನೇ ಬಾಜೀರಾಯ ಆ ವಾಡೆ ಕಟ್ಟಿಸೋಕೆ ಶುರು ಮಾಡಿದ. ಅದರ ಸುತ್ತ ಪೇಟೆಗಳು ಬೆಳೆದವು, ವಾರದ ಹೆಸರಿನ ಪೇಟೆಗಳು. ಪೇಶ್ವೆಗಳಿಗೆ ಪೈಠಣದ ನೇಯ್ಗೆಯ ಹುಚ್ಚು. ಮಾಧವರಾವ್ ಪೇಶ್ವೆಯ ಪತ್ರಗಳಲ್ಲಿ ಅಸಾವಳಿ ಬಳ್ಳಿಯ ಉತ್ತರೀಯ ಬೇಕು, ಕೆಂಪು, ಹಸಿರು, ಕೇಸರಿ, ದಾಳಿಂಬೆ, ಗುಲಾಬಿ ಬಣ್ಣದಲ್ಲಿ ಕಳಿಸಿ ಅಂತ ಆರ್ಡರು ಇದೆ. ಇವತ್ತಿನ ಗಿರಾಕಿ ವಾಟ್ಸಾಪ್‌ನಲ್ಲಿ ಬಣ್ಣ ಕೇಳಿದ ಹಾಗೇ. 1783ರಲ್ಲಿ ಸವಾಯಿ ಮಾಧವರಾವ್ ಮದುವೆ ಪುಣೆಯಲ್ಲಿ ಆಯ್ತು. ವರನಿಗೆ ಇನ್ನೂ 10 ತುಂಬಿರಲಿಲ್ಲ. ನಾನಾ ಫಡ್ನವೀಸರು ವ್ಯವಸ್ಥೆಗೆ ಉದ್ದುದ್ದ ಯಾದಿ ಮಾಡಿಸಿದರು. ಮದುವೆ ಅಂದರೆ ರಾಜ್ಯದ ವೈಭವ ತೋರಿಸೋ ಜಾಗ ಆಗಿತ್ತು, ಬಟ್ಟೆ ಅದರ ಒಂದು ಭಾಷೆ.

ಇಲ್ಲಿ ಒಂದು ತಮಾಷೆ. ಪುಣೆ ಸುತ್ತಿನ ಹಳ್ಳಿಗಳಲ್ಲಿ, ನಮ್ಮ ಬೆಳಗಾವಿ ಕಡೆಯೂ, ‘ಯಾದಿ ಪೆ ಶಾದಿ’ ಅಂತ ಒಂದು ಮಾತಿದೆ. ಮಾತುಕತೆಗೆ ಕೂತು ಯಾದಿ ಬರೆಯೋ ದಿನವೇ, ಇದ್ದವರ ಮುಂದೆ, ಅಕ್ಷತೆ ಹಾಕಿ ಮುಗಿಸಿಬಿಡೋದು. ಖರ್ಚು ಉಳೀತು. ಫಡ್ನವೀಸರ ಯಾದಿಯೂ ಯಾದಿಯೇ, ಇದೂ ಯಾದಿಯೇ!

ಪೇಶ್ವೆಗಳು 1818ರಲ್ಲಿ ಹೋದರು, ಅವರ ಮದುವೆಯ ನೆನಪು ಹೋಗಲಿಲ್ಲ. ಪೈಠಣಿ, ಬನಾರಸಿನ ಶಾಲು (ನಮ್ಮ ಸನ್ಮಾನದ ಶಾಲು ಅಲ್ಲ, ಮರಾಠಿಯಲ್ಲಿ ಶಾಲು ಅಂದರೆ ಜರಿ ತುಂಬಿದ ಮದುವೆ ಸೀರೆ) ಇವು ನಿಧಾನಕ್ಕೆ ‘ಮದುವೆ ಅಂದರೆ ಇದು’ ಅನ್ನೋ ಜಾಗಕ್ಕೆ ಬಂದು ಕೂತವು. ಹಳದಿ ಸೀರೆ ಒಂದು ಗಂಟೆಯ ಶಾಸ್ತ್ರಕ್ಕೆ ಇಳಿದುಹೋಯ್ತು. ಇದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಸಾಲದಿಂದ.

ಈ ಸಾಲದ ವಿಷಯದಲ್ಲಿ ಪುಣೆ ಜಿಲ್ಲೆಯಲ್ಲಿ, ಎರಡು ವರ್ಷದ ಒಳಗೆ, ಎರಡು ಘಟನೆ ನಡೆದವು. ನನಗೆ ಇವೆರಡನ್ನೂ ಜೊತೆಗೇ ಇಟ್ಟು ನೋಡಬೇಕು ಅನ್ಸುತ್ತೆ.

ಮೊದಲನೆಯದು 1873ರ ಡಿಸೆಂಬರ್ 25. ಜ್ಯೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿ ಮೂರು ತಿಂಗಳಾಗಿತ್ತು. ಆ ದಿನ ಸೀತಾರಾಮ ಜಬಾಜಿ ಅಲ್ಹಾಟ್ ಮತ್ತು ರಾಧಾ ಎಂಬುವರ ಮದುವೆ ಪುಣೆಯಲ್ಲಿ, ಪುರೋಹಿತರಿಲ್ಲದೆ, ನಡೆಯಿತು. ಸಾವಿತ್ರಿಬಾಯಿ ಮುಂದೆ ನಿಂತು ಮಾಡಿಸಿದರು. ವಧೂವರರು ಪರಸ್ಪರ ಪ್ರತಿಜ್ಞೆ ಹೇಳಿದರು, ತೀರಾ ಕಡಿಮೆ ಖರ್ಚಿನಲ್ಲಿ ಮುಗೀತು. ಪಠ್ಯಪುಸ್ತಕದಲ್ಲಿ ಇದನ್ನ ಪುರೋಹಿತಶಾಹಿ ವಿರುದ್ಧದ ಹೆಜ್ಜೆ ಅಂತ ಓದ್ತೀವಿ. ಅದು ಸರಿಯೇ. ಆದರೆ ಬಡ ಮಾಳಿ, ಕುಣಬಿ ಮನೆಗಳ ಲೆಕ್ಕದ ಪುಸ್ತಕದ ಕಡೆಯಿಂದ ನೋಡಿದರೆ, ಇದು ಮದುವೆಯನ್ನ ಸಾಹುಕಾರನ ಅಂಗಡಿಯಿಂದ ಬಿಡಿಸಿಕೊಂಡು ಬರೋ ಪ್ರಯತ್ನವೂ ಹೌದು.

ಎರಡನೆಯದು 1875ರ ಮೇ 12, ಪುಣೆ ಜಿಲ್ಲೆಯ ಸುಪೆ ಗ್ರಾಮ. ಸಂತೆಯ ದಿನ. ರೈತರು ಸೇರಿ ಲೇವಾದೇವಿಗಾರರ ಮನೆ, ಅಂಗಡಿಗಳ ಮೇಲೆ ಬಿದ್ದು ಸಾಲದ ಪತ್ರಗಳನ್ನ ಸುಟ್ಟರು. ಇದೇ ದಖ್ಖನ್ ದಂಗೆಯ ಆರಂಭ. ಸಾಲ ಕೊಡೋನು, ಕಾಳು ಮಾರೋನು, ಬಟ್ಟೆ ಮಾರೋನು ಬಹಳ ಕಡೆ ಒಬ್ಬನೇ ಮನುಷ್ಯ. ಮದುವೆ ಬಟ್ಟೆ ಅವನ ಅಂಗಡಿಯಿಂದಲೇ ಬರುತ್ತೆ, ಹಣ ಅವನ ಪುಸ್ತಕದಲ್ಲೇ ಬರೆಯಲ್ಪಡುತ್ತೆ. ಅಲ್ಲಿ ‘ಡಿಸ್ಕೌಂಟ್’ ಅನ್ನೋ ಮಾತೇ ಹುಟ್ಟಲ್ಲ ನೋಡಿ. ಉದ್ರಿ ಗಿರಾಕಿ ಚೌಕಾಸಿ ಮಾಡೋಕಾಗಲ್ಲ.

ದಂಗೆ ಮುಗಿದ ಮೇಲೆ ಸರ್ಕಾರ ಆಯೋಗ ಕೂರಿಸಿತು. ‘ಈ ರೈತರು ಮದುವೆಗೆ ದುಂದು ಮಾಡಿ ಮುಳುಗ್ತಾರೆ’ ಅಂತ ಅಧಿಕಾರಿಗಳು ಹೇಳ್ತಾನೇ ಇದ್ದರು. ಆಯೋಗ ಲೆಕ್ಕ ತೆಗೆದು ನೋಡಿತು. ಸಾಲಕ್ಕೆ ಕಾರಣ ಅಂತ ಮದುವೆ ಖರ್ಚಿಗೆ ಅತಿಯಾದ ಮಹತ್ವ ಕೊಡಲಾಗಿದೆ ಅಂದಿತು. ಆದಾಯಕ್ಕೆ ಹೋಲಿಸಿದರೆ ಖರ್ಚು ಜಾಸ್ತಿ ಅನ್ನಿಸಬಹುದು, ಆದರೆ ಮದುವೆ ಆಗೋದು ಅಪರೂಪಕ್ಕೆ. ಹಲವು ವರ್ಷಕ್ಕೆ ಹಂಚಿ ನೋಡಿದರೆ ಆ ಮನುಷ್ಯನಿಗೆ ಅಷ್ಟು ಸಂತೋಷದ ಹಕ್ಕಿದೆ ಅನ್ನೋ ಅರ್ಥದ ಮಾತು ವರದಿಯಲ್ಲಿದೆ. ಬ್ರಿಟಿಷ್ ಸರ್ಕಾರದ ಆಯೋಗದಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ ನಾನು. ಬಡವರ ಮದುವೆ ಸೀರೆಯ ಬಗ್ಗೆ ಉಪದೇಶ ಕೊಡೋರು ಇವತ್ತಿಗೂ ಸಿಗ್ತಾರೆ. ಕಂದಾಯ, ಬಡ್ಡಿ, ಹತ್ತಿ ಬೆಲೆಯ ಕುಸಿತ ಇವನ್ನೆಲ್ಲ ಬಿಟ್ಟು ಸೀರೆಯನ್ನೇ ಎತ್ತಿ ತೋರಿಸೋದು ಸುಲಭ.

ಈಗ ನಮ್ಮ ಕಡೆಗೆ ಬರೋಣ. ಇಳಕಲ್ ಅವಾಗ ಬಿಜಾಪುರ ಜಿಲ್ಲೆ, ಬಾಂಬೆ ಪ್ರೆಸಿಡೆನ್ಸಿ. ಅಂದರೆ ಪುಣೆ ಇದ್ದ ಪ್ರಾಂತ್ಯವೇ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಳಿ ಹಾಕಿ ಬಾಗಲಕೋಟೆಯನ್ನ ಸೋಲಾಪುರದ ಪಕ್ಕದ ಹೊಟಗಿಗೆ ಸೇರಿಸಿತು. ಅಲ್ಲಿಂದ ಪುಣೆಗೆ ರೈಲು ಇದ್ದೇ ಇತ್ತು. ಮರಾಠಿಯಲ್ಲಿ ಇಳಕಲ್ ಸೀರೆಗೆ ‘ಇರ್ಕಲ್’ ಅಂತಾರೆ, ಗುಳೇದಗುಡ್ಡದ ಕುಬಸದ ಖಣಕ್ಕೆ ‘ಖಣ್’. ಪುಣೆಯಲ್ಲಿ ಓಟಿ ತುಂಬೋಕೆ ಖಣ್-ನಾರಳ ಬೇಕೇ ಬೇಕು. ನಮ್ಮ ಉಡಿ ತುಂಬೋದು ಅದೇ.

ಇಳಕಲ್ ಸೀರೆಯ ಒಳಗೆ ಒಂದು ಜಾಣ ಲೆಕ್ಕ ಇದೆ. ಮೈ ಹತ್ತಿ. ಸೆರಗು ಕೆಂಪು ರೇಷ್ಮೆ. ಅಂಚಿಗೂ ರೇಷ್ಮೆ. ಅಂದರೆ ಕಣ್ಣಿಗೆ ಬೀಳೋ ಜಾಗದಲ್ಲಿ ಮಾತ್ರ ದುಡ್ಡು! ಹತ್ತಿಯ ಹಾಸನ್ನೂ ರೇಷ್ಮೆಯ ಹಾಸನ್ನೂ ಸೇರಿಸಬೇಕಲ್ಲ, ಅದಕ್ಕೆ ‘ಕೊಂಡಿ’ ಹಾಕ್ತಾರೆ. ಮೈಯ ಎಳೆಗಳ ಕುಣಿಕೆಗೆ ಸೆರಗಿನ ಎಳೆಗಳ ಕುಣಿಕೆ, ಒಂದೊಂದಾಗಿ. ಹಾಗಾಗಿ ಹಾಸನ್ನ ಒಂದು ಸೀರೆಗೆ ಆಗುವಷ್ಟೇ ಸಿದ್ಧ ಮಾಡಬೇಕು, ಉದ್ದ ಥಾನಿನ ಥರ ನೇಯ್ದು ಕತ್ತರಿಸೋಕೆ ಆಗಲ್ಲ. ನೂಲಿನಲ್ಲಿ ಉಳಿಸಿದ್ದನ್ನ ಕೈಕೆಲಸದಲ್ಲಿ ತೀರಿಸೋದು ಇದು. ಟೋಪ ತೆನಿ ಸೆರಗಿನ ಆ ಕೆಂಪು ಬಿಳಿ ಗೋಪುರದ ಸಾಲು ನೋಡಿದ್ದೀರಲ್ಲ, ಆ ಸೆರಗು ಹೊದ್ದರೆ ಮುತ್ತೈದೆಯ ಕಳೆ. ಪೂರ್ತಿ ರೇಷ್ಮೆ ಕೊಳ್ಳೋಕಾಗದ ಮನೆಯವರು ಮರ್ಯಾದೆಯಿಂದ ಮದುವೆ ಮಾಡೋಕೆ ಇದಕ್ಕಿಂತ ಒಳ್ಳೆ ಉಪಾಯ ಯಾರೂ ಕಂಡುಹಿಡಿದಿಲ್ಲ ಅಂತ ನನ್ನ ಅಭಿಪ್ರಾಯ. ಪಕ್ಷಪಾತ ಅಂದ್ರೂ ಪರವಾಗಿಲ್ಲ.

ಆಮೇಲೆ ಸರ್ಕಾರವೂ ಬಟ್ಟೆ ಬೆಲೆಗೆ ಕೈ ಹಾಕಿತು. ಎರಡನೇ ಮಹಾಯುದ್ಧದಲ್ಲಿ ಬಟ್ಟೆ ಬೆಲೆ ಆಕಾಶಕ್ಕೆ ಹೋದಾಗ 1943ರಲ್ಲಿ ನಿಯಂತ್ರಣ ಆದೇಶ ಬಂತು, ಗಿರಣಿ ಬಟ್ಟೆ ಮೇಲೆ ಗರಿಷ್ಠ ಬೆಲೆ ಮುದ್ರೆ ಒತ್ತಿಸಿದರು. 1953ರಲ್ಲಿ ಇನ್ನೊಂದು ಕಾಯ್ದೆ: ಗಿರಣಿ ಬಟ್ಟೆಗೆ ಗಜಕ್ಕೆ ಮೂರು ಪೈ ಹೆಚ್ಚುವರಿ ಸುಂಕ, ಆ ಹಣ ಖಾದಿ ಕೈಮಗ್ಗಕ್ಕೆ. ನಮ್ಮ ಹಿರಿಯರ ಬಾಯಲ್ಲಿ ‘ರಿಬೇಟ್’ ಅನ್ನೋ ಪದ ಇದೆಯಲ್ಲ, ಗಾಂಧಿ ಜಯಂತಿ ರಿಬೇಟ್, ಹಬ್ಬದ ರಿಬೇಟ್, ಅದಕ್ಕೆ ಬಲ ಬಂದದ್ದು ಇಲ್ಲಿಂದ. ಈ ರಿಯಾಯಿತಿ ಅಂಗಡಿಯವನ ಜೇಬಿಂದಲ್ಲ, ನೇಕಾರನ ಕೂಲಿಯಿಂದಲೂ ಅಲ್ಲ. ಕನಿಷ್ಠ ಉದ್ದೇಶ ಹಾಗಿತ್ತು. 1976ರಲ್ಲಿ ಜನತಾ ಬಟ್ಟೆ ಯೋಜನೆ ಬಂತು. ಜನತಾ ಸೀರೆಯನ್ನ ನೆನಪಿಟ್ಟಿರೋ ಅಜ್ಜಿಯರು ಇನ್ನೂ ಇದ್ದಾರೆ.

ಇವತ್ತಿನ ಸೇಲ್‌ನ ಒಳಗುಟ್ಟು ಬೇರೆ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದವರೆಗೆ ಚಾತುರ್ಮಾಸ, ಹಳೇ ಪದ್ಧತಿಯವರು ಲಗ್ನ ಇಡಲ್ಲ. ಅಂಗಡಿ ಬಾಡಿಗೆ ಮಾತ್ರ ನಿಲ್ಲಲ್ಲ. ಹಿಂದಿನ ಸೀಸನ್‌ನ ಉಳಿದ ಸರಕು ಹೊರಗೆ ಹೋದರೆ ತಾನೇ ಹೊಸದಕ್ಕೆ ದುಡ್ಡು. ಒಂದೇ ಬಣ್ಣದಲ್ಲಿ ಉಳಿದುಹೋದ ಸೀರೆ, ಮಡಿಕೆ ಗೆರೆ ಬಿದ್ದದ್ದು, ಶೋಕೇಸಲ್ಲಿ ಬಿಸಿಲು ತಿಂದದ್ದು ಹೊರಗೆ ಬರುತ್ತೆ. ರವಿವಾರ ಪೇಠೆಯ ಕಾಪಡ ಗಂಜ್‌ನಂಥ ಸಗಟು ಗಲ್ಲಿಗಳಲ್ಲಿ ಇದು ನಾಚಿಕೆಯ ವಿಷಯವೇ ಅಲ್ಲ, ವ್ಯಾಪಾರದ ಉಸಿರಾಟ.

ಹಾಗಂತ ಸೇಲ್‌ನಲ್ಲಿ ಇರೋದೆಲ್ಲ ಹಳೇ ಸರಕು ಅಂದ್ಕೋಬೇಡಿ. ಸೇಲ್‌ಗಾಗಿಯೇ ಮಾಡಿಸಿದ ಮಾಲೂ ಇರುತ್ತೆ. ಮುಖ್ಯವಾಗಿ ‘ಸೆಮಿ ಪೈಠಣಿ’. ಸೂರತ್‌ನಲ್ಲಿ, ನಮ್ಮ ಬೆಂಗಳೂರು ಸುತ್ತಮುತ್ತ, ಪವರ್‌ಲೂಮ್‌ನಲ್ಲಿ ಜ್ಯಾಕಾರ್ಡ್ ಹಾಕಿ ನೇಯೋದು. ‘ಬೆಂಗಳೂರು ಪೈಠಣಿ’ ಅಂತಲೇ ಹೆಸರಿದೆ. ಯೇವಲಾದ ನೇಕಾರರಿಗೆ ಈ ಹೆಸರು ಕೇಳಿದರೆ ಸಿಟ್ಟು ಬರುತ್ತೆ, ಸಹಜವೇ. ಅವರು ಒಂದು ಸೆರಗಿಗೆ ವಾರಗಟ್ಟಲೆ ಕೂರ್ತಾರೆ, ಇಲ್ಲಿ ಯಂತ್ರ ಒಂದೇ ದಿನದಲ್ಲಿ ಸೀರೆ ಇಳಿಸುತ್ತೆ. ಇತ್ತ ನಮ್ಮ ಇಳಕಲ್‌ಗೂ ಅದೇ ಗತಿ: ಕೊಂಡಿ ಇಲ್ಲದ, ಮಗ್ಗದ ಕೂಲಿ ಇಲ್ಲದ ‘ಇರ್ಕಲ್’ ಪುಣೆಯ ಫುಟ್‌ಪಾತಿನಲ್ಲಿ ಸಿಗುತ್ತೆ. ಒಂದು ಕೈಯಿಂದ ನಾವು ಪೈಠಣಿಯ ನಕಲು ಕಳಿಸ್ತೀವಿ, ಇನ್ನೊಂದು ಕಡೆ ನಮ್ಮದೇ ಸೀರೆಯ ನಕಲಿಗೆ ಅಳ್ತೀವಿ. 1985ರಲ್ಲಿ ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನ ಕಾದಿರಿಸೋ ಕಾಯ್ದೆ ಬಂತು, ಆಮೇಲೆ ಇಳಕಲ್‌ಗೂ ಪೈಠಣಿಗೂ ಜಿಐ ಗುರುತು ಬಂತು. ಗಲ್ಲಿಯ ಅಂಗಡಿಯಲ್ಲಿ ಇವು ಅಷ್ಟಾಗಿ ಕಾಣಿಸಲ್ಲ.

ಪತ್ರ ಬರೆದ ತಾಯಿಗೆ ಈಗ ನೇರವಾಗಿ ಹೇಳ್ತೀನಿ. ಪೈಠಣಿ ಅಂತ ತೋರಿಸಿದರೆ ಸೆರಗು ತಿರುಗಿಸಿ ನೋಡಿ. ಕೈಮಗ್ಗದ ಪೈಠಣಿಯಲ್ಲಿ ನವಿಲು ಎರಡೂ ಕಡೆ ಹತ್ತಿರಹತ್ತಿರ ಒಂದೇ ಥರ ಕಾಣುತ್ತೆ. ಹಿಂಭಾಗದಲ್ಲಿ ಉದ್ದುದ್ದ ಎಳೆ ಜೋತಾಡ್ತಿದ್ದರೆ, ಅಥವಾ ಕತ್ತರಿಸಿದ ಗುರುತಿದ್ದರೆ, ಅದು ಯಂತ್ರದ್ದು. ಯಂತ್ರದ್ದನ್ನ ಯಂತ್ರದ ಬೆಲೆಗೆ ಕೊಂಡರೆ ಏನೂ ತಪ್ಪಿಲ್ಲ. ಇಳಕಲ್ ಆದರೆ ಸೆರಗೂ ಮೈಯೂ ಕೂಡೋ ಜಾಗಕ್ಕೆ ಬೆರಳಾಡಿಸಿ, ಕೊಂಡಿಯ ಸಣ್ಣ ಉಬ್ಬು ತಾಗುತ್ತೆ. ಉಬ್ಬು ಸಿಕ್ಕಿದ ಮೇಲೂ ಬೆಲೆ ತೀರಾ ಕಡಿಮೆ ಇದ್ದರೆ, ಯಾಕಿಷ್ಟು ಕಡಿಮೆ ಅಂತ ಒಂದು ಮಾತು ಕೇಳಿ. ಉಳಿದ ಸರಕಾದರೆ ಅಂಗಡಿಯವನೇ ಹೇಳ್ತಾನೆ, ಅವನಿಗೂ ಮುಚ್ಚಿಡೋ ಅಗತ್ಯ ಇಲ್ಲ.

ಮತ್ತೆ ಆ ಹಳದಿ ಸೀರೆ. ಅದನ್ನ ಸೋದರಮಾವನಿಗೇ ಬಿಡಿ. ಬೀಗರಲ್ಲಿ ಹಿರಿಯರು ಯಾರಾದರೂ ಮರಾಠಿಯವರಿದ್ದರೆ ಅಷ್ಟಪುತ್ರಿ ಅಂದ ಕೂಡಲೇ ಅವರ ಮದುವೆಯ ಕಥೆ ಶುರು ಮಾಡ್ತಾರೆ, ನಿಮ್ಮ ಸೇಲ್ ಸೀರೆಯ ಕಡೆ ನೋಡೋಕೂ ಅವರಿಗೆ ಪುರುಸೊತ್ತಿರಲ್ಲ.

ಮುಂದಿನ ವಾರ ಗುಳೇದಗುಡ್ಡದ ಖಣದ ಬಗ್ಗೆ ಪ್ರತ್ಯೇಕವಾಗಿ ಮಾತಾಡೋಣ, ಇವತ್ತು ಅದಕ್ಕೆ ಜಾಗ ಸಾಲಲಿಲ್ಲ. ನಿಮ್ಮ ಮನೆಯಲ್ಲಿ ಹಳೇ ಖಣ ಇದ್ದರೆ ಪೆಟ್ಟಿಗೆಯಿಂದ ತೆಗೆದಿಟ್ಟಿರಿ.